ಜಿರಾಫೆ ಮತ್ತು ಗೆಣಸಿನ ಬಳ್ಳಿ

ಮಳೆಗಾಲ ಮುಗಿದ ಮೇಲೆ ಪುಸ್ತಕಗಳನ್ನು ಅಂಗಳಕ್ಕೆ ತಂದು ಬಿಸಿಲಿಗೆ ಹರಡುವುದು ಕರಾವಳಿಯಲ್ಲಿ ಪುಸ್ತಕ ಇಟ್ಟುಕೊಂಡವರೆಲ್ಲ ಮಾಡಲೇಬೇಕಾದ ಕೆಲಸ. ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಬೂಸ್ಟಿನ ಹಿಂದೆ ಗೆದ್ದಲು ಬರುತ್ತದೆ. ನಿವೃತ್ತನಾದ ಮೇಲೆ ಒಂದು ವರ್ಷ ಹಾಗೆ ಹರಡುತ್ತಿದ್ದಾಗ ನನ್ನ ಪಾಠದ ಟಿಪ್ಪಣಿಗಳ ಒಂದು ಕಟ್ಟು ಕೈಗೆ ಬಂತು. ಮೇಲಿನ ರಟ್ಟಿನಲ್ಲಿ ‘ಏಷ್ಯಾದ ಇತಿಹಾಸ’ ಎಂದು ನನ್ನದೇ ಅಕ್ಷರ. ಒಳಗೆ ಒಂದು ಪುಟದಲ್ಲಿ ಒಂದೇ ಒಂದು ಸಾಲಿಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದೆ: ‘ಕ್ರಿ.ಶ. 1433 - ಚೀನಾ ಬಾಗಿಲು ಮುಚ್ಚಿತು.’

ಈ ಸಾಲನ್ನು ನಾನು ವರ್ಷವರ್ಷವೂ ಬರೆಸಿದ್ದೇನೆ. ಹೇಳುವುದಕ್ಕೆ ಬಹಳ ಅನುಕೂಲವಾದ ಸಾಲು ಅದು. ಒಂದು ಕಡೆ ಚೀನಾದ ದೊಡ್ಡ ನೌಕಾಪಡೆ; ಇನ್ನೊಂದು ಕಡೆ ಪೋರ್ಚುಗೀಸರ ನಾಲ್ಕು ಸಣ್ಣ ಹಡಗು. ದೊಡ್ಡವನು ಮನೆಗೆ ಮರಳಿ ಅಗುಳಿ ಹಾಕಿಕೊಂಡ; ಸಣ್ಣವನು ಜಗತ್ತನ್ನು ಗೆದ್ದ. ಗಂಟೆ ಬಾರಿಸುವುದರೊಳಗೆ ಪಾಠ ಮುಗಿಯುತ್ತಿತ್ತು, ನೀತಿಯೂ ಸಿಗುತ್ತಿತ್ತು. ಹುಡುಗರು ತಲೆಯಾಡಿಸುತ್ತಿದ್ದರು.

ತಲೆಯಾಡಿಸದವನು ಒಬ್ಬನಿದ್ದ. ಮೀನುಗಾರರ ಕೇರಿಯಿಂದ ಬರುತ್ತಿದ್ದ ಹುಡುಗ. ಕಾಲೇಜಿನ ಕಿರುಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಅವನು ಬರೆದದ್ದು ಮೂರು ಸಾಲು. ಅರಸು ಹಡಗು ನಿಲ್ಲಿಸಿದ. ಜನ ನಿಲ್ಲಿಸಿರಲಿಕ್ಕಿಲ್ಲ. ಕಡಲ ಬದಿಯವರು ಬೇರೆ ಏನು ಮಾಡಿ ಉಣ್ಣಬೇಕು? ನಾನು ಪಕ್ಕದಲ್ಲಿ ಕೆಂಪು ಪೆನ್ನಿನಿಂದ ‘ಆಧಾರ?’ ಎಂದು ಬರೆದು ಹತ್ತಕ್ಕೆ ನಾಲ್ಕು ಕೊಟ್ಟೆ.

ಅವನು ಉತ್ತರಪತ್ರಿಕೆ ಹಿಡಿದುಕೊಂಡು ಅಧ್ಯಾಪಕರ ಕೋಣೆಗೆ ಬಂದ.

“ಸರ್, ಮಳೆಗಾಲದಲ್ಲಿ ನೀರಿಗೆ ಇಳಿಯಬೇಡಿ ಅಂತ ಸರ್ಕಾರ ನಮಗೂ ಹೇಳ್ತದೆ. ಮನೆಯಲ್ಲಿ ಅಕ್ಕಿ ಇಲ್ಲದವ ಇಳಿದೇ ಇಳೀತಾನೆ. ಅವರೂ ಇಳಿದಿರಬೇಕಲ್ಲ?”

“ಪುಸ್ತಕದಲ್ಲಿ ಇದ್ದದ್ದು ಬರಿ ಮಾರಾಯ. ನಿನ್ನ ಮನೆಯ ಕಥೆ ಬರೆದರೆ ಅಂಕ ಕೊಡಲಿಕ್ಕಾಗುವುದಿಲ್ಲ” ಎಂದೆ.

ಉಳಿದ ಅಧ್ಯಾಪಕರು ನಕ್ಕರು. ಅವನು ಎರಡನೆಯ ವರ್ಷಕ್ಕೆ ಬರಲಿಲ್ಲ. ಗೋವೆಯ ಕಡೆ ಟ್ರಾಲರ್ ಬೋಟಿಗೆ ಸೇರಿದನೆಂದು ಯಾರೋ ಹೇಳಿದರು. ಅವನ ಪ್ರಶ್ನೆಗೆ ಉತ್ತರ ಪುಸ್ತಕಗಳಲ್ಲಿಯೇ ಇತ್ತು. ನನ್ನ ಪಠ್ಯಪುಸ್ತಕದಲ್ಲಿ ಇರಲಿಲ್ಲ, ಅಷ್ಟೆ. ಅದನ್ನು ಹುಡುಕಿ ಓದಲು ನನಗೆ ನಿವೃತ್ತಿಯವರೆಗೆ ಪುರುಸೊತ್ತಾಗಲಿಲ್ಲ.

ಮೊದಲು ಆ ನೌಕಾಪಡೆಯ ಸಂಗತಿ ಹೇಳುತ್ತೇನೆ. ಅದರ ನಾಯಕ ಝೆಂಗ್ ಹೆ. ಹುಟ್ಟಿದ್ದು 1371ರಲ್ಲಿ, ಕಡಲಿನಿಂದ ಬಹುದೂರದ ಯುನ್ನಾನ್ ಪ್ರಾಂತದ ಮುಸಲ್ಮಾನ ಮನೆತನದಲ್ಲಿ. ತಂದೆ, ಅಜ್ಜ ಇಬ್ಬರಿಗೂ ಹಾಜಿ ಎಂಬ ಹೆಸರಿತ್ತು. ಹುಡುಗನಿಗೆ ಹತ್ತು ವರ್ಷವಾಗುವ ಹೊತ್ತಿಗೆ ಮಿಂಗ್ ಅರಸರ ಸೈನ್ಯ ಯುನ್ನಾನಿಗೆ ನುಗ್ಗಿತು. ತಂದೆ ಸತ್ತ, ಮಗನನ್ನು ಸೆರೆಹಿಡಿದು, ಬೀಜ ಒಡೆದು, ಒಬ್ಬ ರಾಜಕುಮಾರನ ಸೇವೆಗೆ ಖೋಜಾ ಆಗಿ ಕೊಟ್ಟರು. ಆ ರಾಜಕುಮಾರನೇ ಮುಂದೆ ಅಣ್ಣನ ಮಗನ ಮೇಲೆ ದಂಡೆತ್ತಿ ಹೋಗಿ 1402ರಲ್ಲಿ ಸಿಂಹಾಸನ ಕಿತ್ತುಕೊಂಡು ಯೊಂಗ್ಲೆ ಚಕ್ರವರ್ತಿ ಎನಿಸಿಕೊಂಡ. ಆ ಯುದ್ಧದಲ್ಲಿ ಜೊತೆಗಿದ್ದ ಖೋಜಾನಿಗೆ ಝೆಂಗ್ ಎಂಬ ಹೊಸ ಮನೆತನದ ಹೆಸರು ಕೊಟ್ಟು, ನೌಕಾಪಡೆಯ ಅಧಿಪತ್ಯವನ್ನೂ ಕೊಟ್ಟ.

1405ರಿಂದ 1433ರವರೆಗೆ ಏಳು ಯಾತ್ರೆ. ಮೊದಲನೆಯದರಲ್ಲಿಯೇ 27,800 ಜನ, 62 ದೊಡ್ಡ ಹಡಗು ಎಂದು ಮಿಂಗ್ ಇತಿಹಾಸ ಹೇಳುತ್ತದೆ. ಆ ಹಡಗುಗಳ ಉದ್ದ 44 ಝಾಂಗ್, ಎಂದರೆ 120 ಮೀಟರಿಗೂ ಹೆಚ್ಚು ಎಂಬ ಮಾತನ್ನು ಮಾತ್ರ ಅನೇಕ ವಿದ್ವಾಂಸರು ನಂಬುವುದಿಲ್ಲ. ಮರದ ಹಡಗು ಅಷ್ಟುದ್ದವಾದರೆ ತೆರೆಗೆ ಬೆನ್ನು ಮುರಿದುಕೊಳ್ಳುತ್ತದೆ ಎನ್ನುತ್ತಾರೆ. ಇರಲಿ. 27,800 ಜನ ಎಂದರೆ ಒಂದು ಪೇಟೆಯೇ ನೀರಿನ ಮೇಲೆ ಹೊರಟ ಹಾಗೆ. ವಾಸ್ಕೋ ಡ ಗಾಮ 1497ರಲ್ಲಿ ಲಿಸ್ಬನ್ ಬಿಟ್ಟಾಗ ಅವನ ಜೊತೆ ಇದ್ದವರು ಸುಮಾರು 170 ಜನ.

ನಮ್ಮ ಪಶ್ಚಿಮ ಕರಾವಳಿಗೆ ಚೀನಾದ ಹಡಗು ಹೊಸತೇನಲ್ಲ. ಝೆಂಗ್ ಹೆಗೆ ಅರವತ್ತು ವರ್ಷ ಮೊದಲೇ ಕಲ್ಲಿಕೋಟೆಗೆ ಬಂದ ಇಬ್ನ್ ಬತೂತ ಅಲ್ಲಿ ಹದಿಮೂರು ಚೀನೀ ಹಡಗುಗಳನ್ನು ಕಂಡಿದ್ದ. ಅವು ಕೊಲ್ಲಂ, ಕಲ್ಲಿಕೋಟೆ, ಏಳಿಮಲೆ ಈ ಮೂರು ಕಡೆಗೆ ಮಾತ್ರ ಬರುತ್ತವೆ ಎಂದೂ ಬರೆದಿದ್ದಾನೆ. ನಮ್ಮ ಹೊನ್ನಾವರ, ಮಂಗಳೂರುಗಳನ್ನು ಕಂಡು ವರ್ಣಿಸಿದವನೂ ಅವನೇ. ಚೀನೀಯರ ಪಟ್ಟಿಯಲ್ಲಿ ಮಾತ್ರ ಅವುಗಳನ್ನು ಸೇರಿಸಲಿಲ್ಲ. ಝೆಂಗ್ ಹೆಯ ಪಡೆ ನಾಲ್ಕನೆಯ ಯಾತ್ರೆಯಿಂದ ಮುಂದೆ ಕಲ್ಲಿಕೋಟೆಯಿಂದ ವಾಯವ್ಯಕ್ಕೆ ತಿರುಗಿ ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜಿಗೆ ಹೋಗುತ್ತಿತ್ತು. ಆ ಹಾಯಿಗಳು ನಮ್ಮ ಪಾಲಿಗೆ ದಿಗಂತದ ಆಚೆಗಿನ ಸಂಗತಿ.

ಆ ಪಡೆಯ ಜೊತೆ ದುಭಾಷಿಯಾಗಿ ಹೋದ ಮಾ ಹುವಾನ್ ಕಲ್ಲಿಕೋಟೆಯ ಬಗ್ಗೆ ಬರೆದ ಪುಟಗಳನ್ನು ಅನುವಾದದಲ್ಲಿ ಓದಿದಾಗ ಒಂದು ವಿವರ ನನ್ನನ್ನು ಹಿಡಿದು ನಿಲ್ಲಿಸಿತು. ಇಲ್ಲಿಯ ಜನ ಮಣಿಚೌಕಟ್ಟು ಬಳಸುವುದಿಲ್ಲ, ಕೈಬೆರಳು ಕಾಲ್ಬೆರಳು ಇಪ್ಪತ್ತರಿಂದಲೇ ಲೆಕ್ಕ ಹಾಕುತ್ತಾರೆ, ಆದರೂ ಒಂದಿಷ್ಟೂ ತಪ್ಪುವುದಿಲ್ಲ ಎಂದು ಬೆರಗಾಗುತ್ತಾನೆ. ರೇಷ್ಮೆಯನ್ನೂ ಮುತ್ತುರತ್ನಗಳನ್ನೂ ಒಂದೊಂದಾಗಿ ಕುಳಿತು ಬೆಲೆ ಕಟ್ಟುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕೊನೆಗೆ ಎಲ್ಲರೂ ಕೈ ಕೈ ಹಿಡಿದು, ದಲಾಲಿ ಕೈತಟ್ಟಿ ಮಾತು ಮುಗಿಸಿದನೆಂದರೆ ಮುಗಿಯಿತು. ಆಮೇಲೆ ಬೆಲೆ ಏರಲಿ ಇಳಿಯಲಿ, ಮಾತು ತಿರುಗಿಸುವಂತಿಲ್ಲ. ಘಟ್ಟದ ಮೇಲಿನ ದನದ ಜಾತ್ರೆಯಲ್ಲಿ ದಲಾಲಿಗಳು ವಸ್ತ್ರದ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ನೋಡಿ ಬೆಳೆದವನು ನಾನು. ಮಾ ಹುವಾನ್ ಪಕ್ಕದಲ್ಲೇ ನಿಂತು ನೋಡಿದ ಹಾಗೆ ಅನ್ನಿಸಿತು.

ಇನ್ನೊಂದು ಸಲ ಆ ಪಡೆಯನ್ನು ನಾನು ಹತ್ತಿರದಿಂದ ಕಂಡದ್ದು ಕೊಲಂಬೋ ವಸ್ತುಸಂಗ್ರಹಾಲಯದಲ್ಲಿ. ನಿವೃತ್ತರು ಕೆಲವರು ಸೇರಿ ಶ್ರೀಲಂಕಾ ಪ್ರವಾಸ ಹೋಗಿದ್ದೆವು. ಉಳಿದವರು ಅರಸರ ಸಿಂಹಾಸನ ನೋಡುತ್ತಿದ್ದರು; ನಾನು ಒಂದು ಕಲ್ಲಿನ ಮುಂದೆ ನಿಂತೆ. 1911ರಲ್ಲಿ ಗಾಲೆ ಎಂಬ ಬಂದರು ಊರಿನ ಒಂದು ಮೋರಿಗೆ ಹಾಸಿದ್ದ ಚಪ್ಪಡಿಯಾಗಿ ಸಿಕ್ಕಿದ ಕಲ್ಲು ಅದು. ತಲೆಯ ಮೇಲೆ ಎರಡು ಡ್ರ್ಯಾಗನ್. ಕೆಳಗೆ ಚೀನೀ, ತಮಿಳು, ಪಾರಸಿ ಮೂರು ಭಾಷೆಯ ಬರಹ. ಶಾಸನದ ಕಾಲ 1409. ಚೀನೀ ಭಾಗ ಚಕ್ರವರ್ತಿಯ ಪರವಾಗಿ ಬುದ್ಧನಿಗೆ ಕಾಣಿಕೆ ಒಪ್ಪಿಸುತ್ತದೆ. ತಮಿಳು ಭಾಗ ತೇನಾವರೈ ನಾಯನಾರ್ ಎಂಬ, ವಿಷ್ಣುವಿನ ಅವತಾರವೆಂದು ಪೂಜೆಗೊಳ್ಳುತ್ತಿದ್ದ ದೇವರಿಗೆ ಒಪ್ಪಿಸುತ್ತದೆ. ಸವೆದು ಹೋದ ಪಾರಸಿ ಭಾಗದಲ್ಲಿ ಅಲ್ಲಾಹನ ಹೆಸರು. ಮೂವರಿಗೂ ಕಾಣಿಕೆ ಹೆಚ್ಚುಕಡಿಮೆ ಒಂದೇ ಸಮ: ಚಿನ್ನ 1000, ಬೆಳ್ಳಿ 5000, ರೇಷ್ಮೆ, ಸುಗಂಧ ತೈಲ. ಯಾರಿಗೂ ಕಡಿಮೆಯಿಲ್ಲ, ಯಾರಿಗೂ ಹೆಚ್ಚಿಲ್ಲ. ಒಪ್ಪಿಸಿದವನು ಹಾಜಿಯ ಮಗ. ಅವನು ಚೀನಾದ ಕರಾವಳಿಯಲ್ಲಿ ಇದ್ದಾಗ ಕೈಮುಗಿಯುತ್ತಿದ್ದದ್ದು ನಾವಿಕರನ್ನು ಕಾಯುವ ಕಡಲದೇವಿಗೆ.

ಆ ಕಲ್ಲಿನ ಮುಂದೆ ನನಗೆ ಗಂಟಲು ಕಟ್ಟಿತು ಎಂದರೆ ಸುಳ್ಳಲ್ಲ. ಆದರೆ ಇತಿಹಾಸದ ಮೇಷ್ಟ್ರು ಗಂಟಲು ಕಟ್ಟಿದ ಕೂಡಲೇ ಮುಂದಿನ ಪುಟ ಓದಬೇಕು. ಆ ಕಲ್ಲನ್ನು ಹೊತ್ತು ತಂದ ಅದೇ ಯಾತ್ರೆಯಲ್ಲಿ, 1411ರಲ್ಲಿ, ಅದೇ ಪಡೆ ಸಿಂಹಳದ ಅರಸನೊಡನೆ ಕಾದಿ, ಅವನನ್ನು ಸಂಸಾರ ಸಮೇತ ಸೆರೆಹಿಡಿದು ನಾನ್‌ಜಿಂಗಿಗೆ ಒಯ್ದಿತು. ಚಕ್ರವರ್ತಿ ಆಮೇಲೆ ಬಿಟ್ಟುಕೊಟ್ಟ. ಆದರೆ ಸಿಂಹಾಸನದ ಮೇಲೆ ಬೇರೊಬ್ಬನನ್ನು ಕೂರಿಸುವ ಏರ್ಪಾಡು ನಡೆಯಿತು. ಮೊದಲ ಯಾತ್ರೆಯಲ್ಲಿ ಸುಮಾತ್ರದ ಪಾಲೆಂಬಾಂಗಿನಲ್ಲಿ ಒಬ್ಬ ಚೀನೀ ಕಡಲ್ಗಳ್ಳರ ನಾಯಕನ ಜನರನ್ನು ಸಾವಿರಗಟ್ಟಲೆ ಕೊಂದು, ಅವನನ್ನು ಕಟ್ಟಿ ಒಯ್ದು ರಾಜಧಾನಿಯಲ್ಲಿ ತಲೆ ತೆಗೆಸಿದರು. ಹಡಗಿನಲ್ಲಿ ಇದ್ದವರಲ್ಲಿ ಬಹುಪಾಲು ಸೈನಿಕರು. ಚೀನೀಯರು ಬಂದರು, ಯಾರ ನೆಲವನ್ನೂ ಕಿತ್ತುಕೊಳ್ಳಲಿಲ್ಲ ಎನ್ನುವುದು ನಿಜ. ಬರೀ ಸ್ನೇಹಕ್ಕೆ ಬಂದರು ಎನ್ನುವುದು ಅರ್ಧ ನಿಜ.

ಹಾಗಾದರೆ ಏತಕ್ಕೆ ಬಂದರು? ತಲೆಬಾಗಿಸುವುದಕ್ಕೆ. ಸಿಂಹಾಸನವನ್ನು ಕಿತ್ತುಕೊಂಡವನಿಗೆ ಲೋಕದ ಅರಸರೆಲ್ಲ ಬಂದು ಪರಾಕು ಹೇಳಬೇಕಾಗಿತ್ತು. ಕಾಣಿಕೆ ತಂದವರಿಗೆ ಅದಕ್ಕಿಂತ ಹೆಚ್ಚಿನ ಉಡುಗೊರೆ ಕೊಟ್ಟು ಕಳಿಸುತ್ತಿದ್ದರು. 1414ರಲ್ಲಿ ಬಂಗಾಳದ ಸುಲ್ತಾನ ಒಂದು ಜಿರಾಫೆ ಕಳಿಸಿದ. ಅದು ಅವನ ಕೈಗೆ ಬಂದದ್ದು ಆಫ್ರಿಕಾದಿಂದ. ಮರುವರ್ಷ ಆಫ್ರಿಕಾದ ಮಾಲಿಂದಿಯಿಂದಲೇ ಇನ್ನೊಂದು ಬಂತು. ಧರ್ಮಿಷ್ಠ ಅರಸ ಆಳುವಾಗ ಮಾತ್ರ ಕಾಣಿಸಿಕೊಳ್ಳುತ್ತದೆ ಎಂದು ಚೀನೀ ಪುರಾಣಗಳು ಹೇಳುವ ಕಿಲಿನ್ ಎಂಬ ಮಂಗಳ ಪ್ರಾಣಿ ಇದೇ ಎಂದು ಆಸ್ಥಾನಿಕರು ಹೊಗಳಿದರು. ಅದರ ಚಿತ್ರ ಬರೆಸಿದರು, ಪಕ್ಕದಲ್ಲಿ ಸ್ತುತಿ ಬರೆದರು. ಅಣ್ಣನ ಮಗನನ್ನು ಸಿಂಹಾಸನದಿಂದ ಕೆಡವಿದವನಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವುದಿದೆ! 27,000 ಜನರ ದುಡಿಮೆಯ ಶಿಖರ ಒಂದು ಉದ್ದ ಕತ್ತಿನ ಪ್ರಾಣಿ.

ಹಡಗು ನಿಲ್ಲಿಸಿದ ಅಧಿಕಾರಿಗಳನ್ನು ನಾನು ತರಗತಿಯಲ್ಲಿ ಕೂಪಮಂಡೂಕಗಳೆಂದು ಹೀಯಾಳಿಸುತ್ತಿದ್ದೆ. ಈಗ ಹಾಗೆ ಹೇಳಲಾರೆ. ಅವರಲ್ಲಿ ಒಬ್ಬ ಖಜಾನೆಯ ಮಂತ್ರಿ ಶಿಯಾ ಯುವಾನ್‌ಜಿ. ಒಂದೇ ಕಾಲದಲ್ಲಿ ಚಕ್ರವರ್ತಿ ಬೀಜಿಂಗಿನಲ್ಲಿ ಹೊಸ ರಾಜಧಾನಿ ಕಟ್ಟಿಸುತ್ತಿದ್ದ, ದಕ್ಷಿಣದಿಂದ ಉತ್ತರಕ್ಕೆ ಧಾನ್ಯ ಸಾಗಿಸುವ ಮಹಾಕಾಲುವೆಯ ಹೂಳು ತೆಗೆಸುತ್ತಿದ್ದ, ವಿಯೆಟ್ನಾಮಿನಲ್ಲಿ ಮುಗಿಯದ ಯುದ್ಧ ನಡೆಸುತ್ತಿದ್ದ, ಮಂಗೋಲರ ಮೇಲೆ ಐದು ಸಲ ತಾನೇ ದಂಡೆತ್ತಿ ಹೋದ. ಇದರ ಮೇಲೆ ನೌಕಾಪಡೆ. 1421ರಲ್ಲಿ ಹೊಸ ಅರಮನೆಯ ಮೂರು ಮುಖ್ಯ ಸಭಾಂಗಣಗಳು ಬೆಂಕಿಗೆ ಆಹುತಿಯಾದವು. ಅದೇ ವರ್ಷ ಮತ್ತೆ ಮಂಗೋಲರ ಮೇಲೆ ಯುದ್ಧಕ್ಕೆ ಹೊರಟಾಗ, ಹಣವಿಲ್ಲ ಎಂದು ಹೇಳಿದ್ದಕ್ಕೆ ಶಿಯಾನನ್ನು ಸೆರೆಗೆ ತಳ್ಳಿದರು. 1424ರಲ್ಲಿ ಚಕ್ರವರ್ತಿ ದಂಡಯಾತ್ರೆಯಲ್ಲಿಯೇ ತೀರಿಕೊಂಡ. ಮಗ ಪಟ್ಟಕ್ಕೆ ಬಂದು ಶಿಯಾನನ್ನು ಬಿಡಿಸಿ, ಹಡಗುಗಳನ್ನು ನಿಲ್ಲಿಸಿದ. ಮೊಮ್ಮಗನ ಕಾಲದಲ್ಲಿ 1431ರಲ್ಲಿ ಕೊನೆಯ ಒಂದು ಯಾತ್ರೆ ಹೊರಟು 1433ರಲ್ಲಿ ಮರಳಿತು. 1449ರಲ್ಲಿ ಮಂಗೋಲರು ಚಕ್ರವರ್ತಿಯನ್ನೇ ಸೆರೆಹಿಡಿದರು. ಮನೆಯ ಹಿತ್ತಲಿಗೆ ಬೆಂಕಿ ಬಿದ್ದವನು ಅಂಗಳದ ರಂಗೋಲಿ ನಿಲ್ಲಿಸಿದರೆ ಅವನನ್ನು ಕೂಪಮಂಡೂಕ ಅನ್ನುತ್ತೇವೆಯೇ?

ಇಲ್ಲಿಗೆ ನನ್ನ ಟಿಪ್ಪಣಿಯ ಸಾಲು ಮುಗಿಯುತ್ತಿತ್ತು. ಆ ಹುಡುಗನ ಪ್ರಶ್ನೆ ಶುರುವಾಗುವುದು ಇಲ್ಲಿಂದಲೇ.

ನಿಂತದ್ದು ಚಕ್ರವರ್ತಿಯ ಹಡಗು. ಜನರ ಹಡಗನ್ನು ನಿಲ್ಲಿಸುವ ಆಜ್ಞೆ ಬೇರೆಯೇ ಇತ್ತು, ಅದು ಅದಕ್ಕಿಂತ ಹಳೆಯದು. ಮಿಂಗ್ ವಂಶದ ಮೊದಲ ಅರಸ 1371ರಲ್ಲಿಯೇ ಕರಾವಳಿಯ ಪ್ರಜೆಗಳು ತಾವಾಗಿ ಕಡಲಾಚೆ ಹೋಗಕೂಡದು ಎಂದು ಕಟ್ಟಪ್ಪಣೆ ಮಾಡಿದ್ದ. ನೋಡಿ, ಝೆಂಗ್ ಹೆ ಲೋಕ ಸುತ್ತುತ್ತಿದ್ದ ಆ ವೈಭವದ ಕಾಲದಲ್ಲಿಯೂ ಸಾಮಾನ್ಯ ವ್ಯಾಪಾರಿಗೆ ಕಾನೂನಿನ ಬಾಗಿಲು ಮುಚ್ಚಿಯೇ ಇತ್ತು. ನಾವು ತೆರೆದ ಬಾಗಿಲೆಂದು ಕೊಂಡಾಡುವುದು ಅರಮನೆಯ ಹೆಬ್ಬಾಗಿಲನ್ನು.

ಈಗ ಫುಜಿಯಾನ್ ಪ್ರಾಂತದ ನಕಾಶೆ ನೋಡಬೇಕು. ತೈವಾನಿನ ಎದುರು ಇರುವ ಕರಾವಳಿ ಅದು. ಬೆನ್ನಿಗೆ ಬೆಟ್ಟ, ಎದುರಿಗೆ ಕಡಲು, ನಡುವೆ ಗದ್ದೆ ಮಾಡಲು ಅಂಗೈಯಗಲ ನೆಲ. ನಮ್ಮ ಜಿಲ್ಲೆಯವನಿಗೆ ವಿವರಿಸಿ ಹೇಳಬೇಕಾಗಿಲ್ಲ. ಅಂಥ ನಾಡಿನವರಿಗೆ ಕಡಲಿಗೆ ಇಳಿಯಬೇಡ ಎಂದರೆ ಉಣ್ಣಬೇಡ ಎಂದ ಹಾಗೆ. ಅವರು ಇಳಿದರು. ಕಾನೂನು ಅವರನ್ನು ಕಳ್ಳಸಾಗಣೆಗಾರರೆಂದು ಕರೆಯಿತು. ಊರಿನ ದೊಡ್ಡ ಮನೆತನಗಳು ಹಿಂದಿನಿಂದ ಬಂಡವಾಳ ಹಾಕಿದವು. 1540ರ ದಶಕದಲ್ಲಿ ಜು ವಾನ್ ಎಂಬ ನಿಷ್ಠುರ ಅಧಿಕಾರಿ ಬಂದು ಆಜ್ಞೆಯನ್ನು ಅಕ್ಷರಶಃ ನಡೆಸಲು ಹೊರಟ. 1548ರಲ್ಲಿ ಶುವಾಂಗ್ಯು ದ್ವೀಪದ ಕಳ್ಳಬಂದರನ್ನು ಹಾಳುಗೆಡವಿದ, ಸಿಕ್ಕಿದವರ ತಲೆ ತೆಗೆಸಿದ. ಆದರೆ ಲಾಭದ ಪಾಲುದಾರರು ರಾಜಧಾನಿಯಲ್ಲೂ ಇದ್ದರು. ಅವನ ಮೇಲೆಯೇ ಆಪಾದನೆ ಬಂತು. ಅವನು ವಿಷ ಕುಡಿದು ಸತ್ತ. ಆಮೇಲಿನ ಹದಿನೈದು ವರ್ಷ ಆ ಕರಾವಳಿ ಕಡಲ್ಗಳ್ಳರ ಕೈಯಲ್ಲಿ ಬೆಂದುಹೋಯಿತು. ಅವರನ್ನು ‘ಜಪಾನೀ ಕುಳ್ಳರು’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು; ಆದರೆ ಅವರಲ್ಲಿ ಬಹುಮಂದಿ ಅದೇ ಕರಾವಳಿಯ ಚೀನೀಯರು. ನಿನ್ನೆಯವರೆಗೆ ವ್ಯಾಪಾರಿಯಾಗಿದ್ದವನೇ ಬಂದರು ಮುಚ್ಚಿದ ಮೇಲೆ ಕತ್ತಿ ಹಿಡಿದಿದ್ದ.

ಕೊನೆಗೆ ಸರ್ಕಾರ ಸೋತಿತು. 1567ರಲ್ಲಿ ಫುಜಿಯಾನಿನ ಯುಯೆಗಾಂಗ್ ಎಂಬ ಬಂದರಿನಿಂದ ಪರವಾನಗಿ ಪಡೆದು, ಸುಂಕ ಕೊಟ್ಟು ಹೊರನಾಡಿಗೆ ಹೋಗಬಹುದು ಎಂದು ಅಪ್ಪಣೆಯಾಯಿತು. ಯುಯೆಗಾಂಗ್ ಎಂದರೆ ಚಂದ್ರ ಬಂದರು. ಅದು ಅಷ್ಟು ದಿನ ಕಳ್ಳಸಾಗಣೆಗೆ ಹೆಸರಾದ ಊರು. ಕಾನೂನು ಜನರ ಹಿಂದೆ ನಡೆದುಕೊಂಡು ಬಂದು ಅವರು ನಿಂತಲ್ಲಿ ಕುರ್ಚಿ ಹಾಕಿ ಕುಳಿತ ಹಾಗೆ.

ಆಮೇಲೆ ನಡೆದದ್ದು ಝೆಂಗ್ ಹೆಯ ಏಳು ಯಾತ್ರೆಗಳಿಗಿಂತ ದೊಡ್ಡದು. 1571ರಲ್ಲಿ ಸ್ಪೇನಿನವರು ಮನಿಲಾದಲ್ಲಿ ತಳವೂರಿದರು. ದಕ್ಷಿಣ ಅಮೆರಿಕದ ಪೊಟೊಸಿ ಬೆಟ್ಟದಲ್ಲಿ 1545ರಿಂದ ಬೆಳ್ಳಿ ಅಗೆಯುತ್ತಿದ್ದರು. ಆ ಬೆಳ್ಳಿ ಮೆಕ್ಸಿಕೋದ ಅಕಪುಲ್ಕೊ ಬಂದರಿನಿಂದ ಪೆಸಿಫಿಕ್ ಸಾಗರ ದಾಟಿ ಮನಿಲಾಕ್ಕೆ ಬರುತ್ತಿತ್ತು. ಫುಜಿಯಾನಿನ ಹಡಗುಗಳು ರೇಷ್ಮೆಯನ್ನೂ ಪಿಂಗಾಣಿಯನ್ನೂ ಒಯ್ದು ಬೆಳ್ಳಿ ಹೊತ್ತು ತರುತ್ತಿದ್ದವು. ಜಪಾನಿನ ಗಣಿಗಳ ಬೆಳ್ಳಿಯೂ ಸೇರಿತು. ಮಿಂಗ್ ಸರ್ಕಾರ ರೈತನ ನಾನಾ ತೆರಿಗೆಗಳನ್ನು ಒಟ್ಟುಗೂಡಿಸಿ ಬೆಳ್ಳಿಯಲ್ಲಿ ಕೊಡಬೇಕೆಂದು 1581ರ ಹೊತ್ತಿಗೆ ದೇಶಾದ್ಯಂತ ಗೊತ್ತುಮಾಡಿತು. ಚೀನಾದ ಒಳನಾಡಿನ ಒಬ್ಬ ರೈತ ತೆರಿಗೆ ಕಟ್ಟುವಾಗ ಅವನ ಕೈಯಲ್ಲಿ ಪೊಟೊಸಿಯ ಗಣಿಯಲ್ಲಿ ದುಡಿದವನ ಬೆವರಿತ್ತು. ಬಾಗಿಲು ಮುಚ್ಚಿದ ದೇಶವೆಂದು ನಾನು ಹೇಳುತ್ತಿದ್ದದ್ದು ಈ ದೇಶವನ್ನು.

ಇನ್ನು ಗೆಣಸಿನ ಬಳ್ಳಿಯ ಮಾತು. ಫುಜಿಯಾನಿನಲ್ಲಿ ಚಾಂಗ್ಲೆ ಎಂಬ ಊರಿದೆ. ಝೆಂಗ್ ಹೆಯ ಪಡೆ ಹೊರಡುವ ಮುಂಚೆ ಗಾಳಿ ತಿರುಗುವವರೆಗೆ ಅಲ್ಲಿ ಕಾಯುತ್ತಿತ್ತು. ಕೊನೆಯ ಯಾತ್ರೆಗೆ ಮೊದಲು, 1431ರಲ್ಲಿ, ಅವನು ಅಲ್ಲಿ ಒಂದು ಕಲ್ಲು ನಿಲ್ಲಿಸಿ ತನ್ನ ಯಾತ್ರೆಗಳ ಪಟ್ಟಿ ಬರೆಸಿ ಕಡಲದೇವಿಗೆ ವಂದನೆ ಸಲ್ಲಿಸಿದ್ದಾನೆ. ಅದೇ ಚಾಂಗ್ಲೆಯವನು ಚೆನ್ ಝೆನ್‌ಲೊಂಗ್ ಎಂಬ ವ್ಯಾಪಾರಿ. ಮನಿಲಾ ಇರುವ ಲುಜಾನ್ ದ್ವೀಪದಲ್ಲಿ ವ್ಯಾಪಾರ ಮಾಡುತ್ತಿದ್ದಾಗ ಅಮೆರಿಕದಿಂದ ಬಂದ ಸಿಹಿಗೆಣಸನ್ನು ಕಂಡ. ಬರಡು ನೆಲದಲ್ಲಿಯೂ ಹಬ್ಬುತ್ತದೆ, ಹೊಟ್ಟೆ ತುಂಬಿಸುತ್ತದೆ. 1593ರಲ್ಲಿ ಅದರ ಬಳ್ಳಿಯನ್ನು ಊರಿಗೆ ತಂದ. ಹೊರಗೆ ಒಯ್ಯಲು ಬಿಡುತ್ತಿರಲಿಲ್ಲವಾದ್ದರಿಂದ ಹಡಗಿನ ಹಗ್ಗದ ಹುರಿಯೊಳಗೆ ಹೊಸೆದು ತಂದನಂತೆ. ಇದು ಪರಂಪರೆಯ ಕಥೆ. ಮರುವರ್ಷ ಫುಜಿಯಾನಿನಲ್ಲಿ ಬರ ಬಿತ್ತು. ಪ್ರಾಂತಾಧಿಕಾರಿ ಜಿನ್ ಶ್ಯುಯೆತ್ಸೆಂಗ್ ಆ ಬಳ್ಳಿಯನ್ನು ಊರೂರಿಗೆ ನೆಡಿಸಿದ. ಫೂಚೌ ನಗರದ ಗುಡ್ಡದ ಮೇಲೆ ಇವರ ನೆನಪಿಗೆ ಒಂದು ಮಂಟಪವಿದೆ.

ಒಂದೇ ಊರು. ಅಲ್ಲಿಂದ ಚಕ್ರವರ್ತಿಯ ಅಪ್ಪಣೆಯ ಮೇಲೆ ಹೊರಟ ಪಡೆಗಳ ಕಾಲದಲ್ಲಿ ಬಂದದ್ದು ಜಿರಾಫೆ. ನೂರಾ ಎಪ್ಪತ್ತೆಂಬತ್ತು ವರ್ಷದ ಮೇಲೆ ಯಾರ ಅಪ್ಪಣೆಯೂ ಇಲ್ಲದೆ ಬಂದದ್ದು ಗೆಣಸಿನ ಬಳ್ಳಿ. ಜಿರಾಫೆಯ ಸಂತತಿ ಅಲ್ಲಿ ಉಳಿಯಲಿಲ್ಲ. ಬಳ್ಳಿ ಬೆಟ್ಟದಿಂದ ಬೆಟ್ಟಕ್ಕೆ ಹಬ್ಬಿ, ಮೆಕ್ಕೆಜೋಳದ ಜೊತೆ ಸೇರಿ, ಮುಂದಿನ ಶತಮಾನಗಳಲ್ಲಿ ಕೋಟ್ಯಂತರ ಬಡವರನ್ನು ಬದುಕಿಸಿತು. ನನ್ನ ಪಠ್ಯದಲ್ಲಿ ಜಿರಾಫೆಯ ಚಿತ್ರವಿತ್ತು. ಗೆಣಸಿನ ಹೆಸರೂ ಇರಲಿಲ್ಲ.

ಬಾಗಿಲು ನಿಜವಾಗಿ ಮುಚ್ಚಿದ ಕಾಲವೂ ಒಂದು ಇತ್ತು. ಅದನ್ನು ಹೇಳದೆ ಹೋದರೆ ಆ ಹುಡುಗನಿಗೆ ಮತ್ತೆ ಮೋಸ ಮಾಡಿದಂತೆ. ಮಿಂಗ್ ಅರಸರ ನಂತರ ಬಂದ ಚಿಂಗ್ ವಂಶದವರಿಗೆ ಕಡಲಿನಲ್ಲಿ ಒಬ್ಬ ಶತ್ರುವಿದ್ದ. ಅವನೂ ಝೆಂಗ್ ಮನೆತನದವನೇ - ಝೆಂಗ್ ಚೆಂಗ್‌ಗೊಂಗ್. ಆದರೆ ನಮ್ಮ ನೌಕಾಧಿಪತಿಯ ಸಂಬಂಧಿಯಲ್ಲ. ಅವನಿಗೆ ಕರಾವಳಿಯಿಂದ ಅಕ್ಕಿ, ಜನ ಸಿಗಬಾರದೆಂದು 1661ರಲ್ಲಿ ಕರಾವಳಿಯ ಜನರೆಲ್ಲ ಒಳನಾಡಿಗೆ ಹೋಗಬೇಕೆಂದು ಅಪ್ಪಣೆಯಾಯಿತು. ಕಡಲಿನಿಂದ 15, 20 ಕಿಲೋಮೀಟರುಗಳವರೆಗೆ ಊರುಗಳನ್ನು ಸುಟ್ಟರು, ಬೋಟುಗಳನ್ನು ಒಡೆದರು, ಗಡಿಗೆರೆ ಎಳೆದು ಕಾವಲು ಹಾಕಿದರು. ಗೆರೆ ದಾಟಿ ಕಡಲ ಕಡೆಗೆ ಹೋದವರಿಗೆ ಸಾವು. ಮೀನು ಹಿಡಿಯುವುದು, ಉಪ್ಪು ಬೇಯಿಸುವುದು ಬಿಟ್ಟು ಬೇರೆ ಗೊತ್ತಿಲ್ಲದವರು ಪರವೂರಿನ ದಾರಿಬದಿಯಲ್ಲಿ ಹಸಿದು ಸತ್ತರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಲ್ಲಿ ಈ ಕಟ್ಟು ನಡೆಯಿತು. 1683ರಲ್ಲಿ ತೈವಾನ್ ಕೈವಶವಾದ ಮೇಲೆ 1684ರಲ್ಲಿ ಕಾಂಗ್‌ಶಿ ಚಕ್ರವರ್ತಿ ಕಡಲನ್ನು ಮತ್ತೆ ತೆರೆದ. ರಾಜ್ಯ ಬಾಗಿಲು ಹಾಕುವುದೆಂದರೆ ಏನು, ಅದರ ಬೆಲೆ ಕೊಡುವವರು ಯಾರು ಎಂದು ತಿಳಿಯಬೇಕಾದರೆ ನೋಡಬೇಕಾದ ಇಸವಿ 1433 ಅಲ್ಲ, 1661.

ಹಾಗಿದ್ದರೆ 1433ರ ಕಥೆ ನಮ್ಮ ಪುಸ್ತಕಗಳಿಗೆ ಹೇಗೆ ಅಂಟಿಕೊಂಡಿತು? ನನಗೆ ತೋಚುವ ಉತ್ತರ ಇದು. 1793ರಲ್ಲಿ ಬ್ರಿಟನ್ನಿನ ರಾಯಭಾರಿ ಮೆಕಾರ್ಟ್ನಿ ಬೀಜಿಂಗಿಗೆ ಹೋಗಿ ಹೆಚ್ಚು ಬಂದರುಗಳನ್ನು ಕೇಳಿದ. ಚಿಯಾನ್‌ಲೊಂಗ್ ಚಕ್ರವರ್ತಿ ನಮಗೆ ನಿಮ್ಮ ಸಾಮಾನು ಬೇಕಿಲ್ಲ ಎಂಬರ್ಥದ ಪತ್ರ ಕೊಟ್ಟು ಕಳಿಸಿದ. ಆದರೆ ಅದೇ ವರ್ಷಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಕ್ಯಾಂಟನ್ ಬಂದರಿನಿಂದ ಚಹಾ ತುಂಬಿಕೊಂಡು ಹೋಗುತ್ತಲೇ ಇದ್ದವು. ಚಹಾಕ್ಕೆ ಕೊಡಬೇಕಾದ ಬೆಳ್ಳಿ ಉಳಿಸಲು ನಮ್ಮ ಬಿಹಾರದ, ಮಾಳವದ ಅಫೀಮನ್ನು ಕಳ್ಳದಾರಿಯಲ್ಲಿ ಚೀನಾಕ್ಕೆ ನುಗ್ಗಿಸಿದರು. ಚೀನಾ ಅಫೀಮನ್ನು ತಡೆದಾಗ 1839ರಿಂದ 1842ರವರೆಗೆ ಯುದ್ಧ ಮಾಡಿ ಹಾಂಗ್‌ಕಾಂಗನ್ನೂ ಐದು ಬಂದರುಗಳನ್ನೂ ದಕ್ಕಿಸಿಕೊಂಡರು. ಅದಕ್ಕೆ ಅವರಿಟ್ಟ ಹೆಸರು ‘ಚೀನಾವನ್ನು ತೆರೆದದ್ದು’. ಬಾಗಿಲು ಮುಚ್ಚಿದ ಮನೆ ಎಂದು ಮೊದಲೇ ಡಂಗುರ ಹೊಡೆದರೆ, ಒಡೆದು ನುಗ್ಗಿದವನು ಕಳ್ಳನಾಗುವುದಿಲ್ಲ; ಗಾಳಿ ಬೆಳಕು ತಂದ ಉಪಕಾರಿಯಾಗುತ್ತಾನೆ. ನಮ್ಮನ್ನೂ ಆಳಿದವರು ಬರೆದ ಪಾಠ ಅದು. ನಾನು ಅದನ್ನು ಸ್ವತಂತ್ರ ಭಾರತದ ಹಳ್ಳಿಯ ಮಕ್ಕಳಿಗೆ ಕನ್ನಡದಲ್ಲಿ ಒಪ್ಪಿಸುತ್ತಿದ್ದೆ.

ಓದುತ್ತಾ ಹೋದಂತೆ ನೆನಪಾದ ಇನ್ನೊಬ್ಬ ಸಾಕ್ಷಿ ಅಬ್ದುರ್ ರಜಾಕ್. ವಿಜಯನಗರದ ವರ್ಣನೆಗಾಗಿ ಅವನ ಹೆಸರನ್ನು ನಮ್ಮ ಮಕ್ಕಳೆಲ್ಲ ಬಾಯಿಪಾಠ ಮಾಡುತ್ತಾರೆ. ಪರ್ಷಿಯಾದ ಈ ರಾಯಭಾರಿ 1442ರ ಕೊನೆಗೆ ಕಲ್ಲಿಕೋಟೆಯಲ್ಲಿ ಇಳಿದು, ಮರುವರ್ಷ ಮಂಗಳೂರಿನ ಮೇಲೆ ವಿಜಯನಗರಕ್ಕೆ ಹೋದ. ಕಲ್ಲಿಕೋಟೆಯ ಧೈರ್ಯಶಾಲಿ ನಾವಿಕರಿಗೆ ‘ಚೀನೀ ಮಕ್ಕಳು’ ಎಂಬ ಹೆಸರಿದೆ ಎಂದು ಅವನು ಬರೆದಿದ್ದಾನೆ. ಚಕ್ರವರ್ತಿಯ ಕೊನೆಯ ಹಡಗು ಹೋಗಿ ಒಂಬತ್ತು ವರ್ಷವಾಗಿತ್ತು. ಹೆಸರು ಮಾತ್ರ ಬಂದರಿನ ಬಾಯಲ್ಲಿ ಉಳಿದಿತ್ತು. ಅಬ್ದುರ್ ರಜಾಕನನ್ನು ನಾನೂ ಪಾಠ ಮಾಡಿದ್ದೇನೆ. ಹಂಪೆಯ ಏಳು ಕೋಟೆಯ ಸಾಲಿಗೆ ಗೆರೆ ಎಳೆದೆ. ಈ ಸಾಲಿಗೆ ಎಳೆಯಲಿಲ್ಲ.

ಆ ದಿನ ಸಂಜೆ ಪುಸ್ತಕಗಳನ್ನು ಒಳಗೆ ತರುವಾಗ ಮನೆಯವಳು ರಾತ್ರಿಯ ಅಡುಗೆಗೆ ಚೀನಿಕಾಯಿ ಹೆಚ್ಚುತ್ತಿದ್ದಳು. ಬೇರೆ ಕಡೆಯವರು ಸಿಹಿಗುಂಬಳ ಎನ್ನುವುದಕ್ಕೆ ನಮ್ಮಲ್ಲಿ ಆ ಹೆಸರು. ಆ ಕಾಯಿಯ ತವರು ಅಮೆರಿಕ. ಹೆಸರು ಮಾತ್ರ ಚೀನಾದ್ದು. ಕಡಲ ಮೇಲೆ ಬಂದದ್ದಕ್ಕೆಲ್ಲ ಚೀನಾದ ಹೆಸರಿಡುವಷ್ಟು ಆ ದೇಶ ನಮ್ಮ ಹಿಂದಿನವರಿಗೆ ಬಳಕೆಯದಾಗಿತ್ತೋ ಏನೋ. “ಇದಕ್ಕೆ ಚೀನಿಕಾಯಿ ಅಂತ ಯಾಕೆ ಹೆಸರು ಬಂತು ಗೊತ್ತುಂಟ?” ಎಂದು ಕೇಳಿದೆ. “ಮೊದಲು ಆ ಪುಸ್ತಕ ಎತ್ತಿಡಿ, ಇಬ್ಬನಿ ಬೀಳ್ತದೆ” ಎಂದಳು.

ಟಿಪ್ಪಣಿಯ ಕಟ್ಟನ್ನು ಪೆಟ್ಟಿಗೆಗೆ ಹಾಕುವ ಮುಂಚೆ ಆ ಪುಟ ಮತ್ತೆ ತೆಗೆದೆ. ಹರಿದು ಹಾಕಬಹುದಾಗಿತ್ತು, ಮನಸ್ಸಾಗಲಿಲ್ಲ. ಕೆಂಪು ಗೆರೆಯ ಪಕ್ಕದಲ್ಲಿ ಖಾಲಿ ಜಾಗವಿತ್ತು. ಅಲ್ಲಿ ‘ಆಧಾರ?’ ಎಂದು ಬರೆದೆ. ಆ ಹುಡುಗನಿಗೆ ಈಗ ಮಕ್ಕಳಿರಬಹುದು, ಅವರು ಕಾಲೇಜಿಗೆ ಹೋಗುತ್ತಿರಬಹುದು. ಯಾವ ದಕ್ಕೆಯಲ್ಲಿ ಇದ್ದಾನೋ ತಿಳಿಯದು. ಅವನಿಗೆ ಸಲ್ಲಬೇಕಾದ ಆರು ಅಂಕ ನನ್ನ ಹತ್ತಿರವೇ ಉಳಿದಿದೆ.